ದೃಷ್ಟಿಬೊಂಬೆಗೆ ತೊಡಿಸಿದ ಕರಿ ಅಂಗಿ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅರಸೀಕೆರೆಯ ಎಣ್ಣೆ ಮಿಲ್ಲೊಂದರ ಹಿಂದೆ ಕೆಲಸಗಾರರಿಗೆಂದು ಕಟ್ಟಿದ್ದ ಸಾಲುಮನೆಯಲ್ಲಿ ಕೂತು ಬಿ.ಎಸ್ಸಿ. ಓದಿದೆ. ಯಂತ್ರ ಓಡುವಾಗ ಗೋಡೆಯ ಕ್ಯಾಲೆಂಡರು ನಡುಗುತ್ತಿತ್ತು, ಲೋಟದ ನೀರಿನಲ್ಲಿ ಸುತ್ತುಸುತ್ತಾಗಿ ಗೆರೆ ಏಳುತ್ತಿತ್ತು. ಈ ಗದ್ದಲದಲ್ಲಿ ಅದು ಹೇಗೆ ಓದುತ್ತೀಯೋ ಎಂದು ಮೇಷ್ಟ್ರುಗಳು ಕೇಳುತ್ತಿದ್ದರು. ನನಗೆ ಕಷ್ಟವಾಗುತ್ತಿದ್ದುದು ಮಿಲ್ಲು ನಿಂತಾಗ. ಕರೆಂಟು ಹೋಗಿ ಬೆಲ್ಟು ನಿಧಾನವಾಗಿ ತಿರುಗಿ ನಿಂತರೆ, ಯಾರೋ ಎದ್ದು ಹೋದ ಹಾಗಾಗಿ ಪುಸ್ತಕದಿಂದ ತಲೆ ಎತ್ತುತ್ತಿದ್ದೆ.

ಅಪ್ಪ ಆ ಮಿಲ್ಲಿನಲ್ಲಿ ಕೊಬ್ಬರಿ ಅರೆಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ವರ್ಷಗಟ್ಟಲೆ ನಿಂತು ಅವನ ಕಿವಿ ಮಂದವಾಗಿತ್ತು. ಹಾಗಾಗಿ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದೆವು. ದಾರಿಯಲ್ಲಿ ಹೋಗುವವರು ನಮ್ಮದು ಜಗಳಗಂಟ ಮನೆ ಎಂದುಕೊಳ್ಳುತ್ತಿದ್ದರು. ಒಳಗೆ ಅವ್ವ ಅಷ್ಟು ಜೋರಾಗಿ ಕೇಳುತ್ತಿದ್ದುದು, ಇನ್ನರ್ಧ ಮುದ್ದೆ ಇಡಲಾ ಎಂದು.

ತೊಂಬತ್ತರ ದಶಕದ ನಡುವಿನ ಮಾತು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕ್ಯಾಸೆಟ್ ಅಂಗಡಿಯಿತ್ತು. ಖಾಲಿ ಕ್ಯಾಸೆಟ್ಟಿಗೆ ಗಿರಾಕಿ ಕೇಳಿದ ಹಾಡುಗಳನ್ನು ತುಂಬಿಸಿ ಕೊಡುತ್ತಿದ್ದರು. ಅಂಗಡಿಯವರ ಮಗಳಿಗೆ ನಾನು ಗಣಿತ ಹೇಳಿಕೊಡುತ್ತಿದ್ದೆ. ಒಂದು ದಿನ ಅವರು ಒಂದು ಕ್ಯಾಸೆಟ್ ನನ್ನ ಕೈಗಿಟ್ಟರು. ರೈಲ್ವೆ ಕ್ವಾರ್ಟರ್ಸಿನ ಯಾರೋ ತುಂಬಿಸಲು ಹೇಳಿ ಹೋಗಿದ್ದರಂತೆ, ಅಷ್ಟರಲ್ಲಿ ವರ್ಗವಾಗಿ ಊರು ಬಿಟ್ಟರಂತೆ. ಬರೀ ಕಿರುಚಾಟ, ಅಳಿಸಿ ನಿನಗೆ ಬೇಕಾದ್ದು ಹಾಕಿಕೋ, ಟೇಪು ಮಾತ್ರ ಗಟ್ಟಿಯಾಗಿದೆ ಎಂದರು. ಲೇಬಲ್ಲಿನ ಮೇಲೆ ಬಾಲ್ ಪೆನ್ನಿನಲ್ಲಿ ಇಂಗ್ಲಿಷಿನಲ್ಲಿ 'ಹೆವಿ ಮೆಟಲ್' ಎಂದಷ್ಟೇ ಬರೆದಿತ್ತು.

ಸೋದರಮಾವ ಕೊಟ್ಟಿದ್ದ ಹಳೆಯ ಟೇಪ್ ರೆಕಾರ್ಡರಿನಲ್ಲಿ ಹಾಕಿದೆ. ಮೊದಲು ಟೇಪು ಸಿಕ್ಕಿಕೊಂಡಿದೆ ಎಂದುಕೊಂಡೆ. ಸಿಕ್ಕಿಕೊಂಡಿರಲಿಲ್ಲ. ಗಿಟಾರು ಮಿಲ್ಲಿನ ಬೆಲ್ಟಿನ ಹಾಗೆ ಒಂದೇ ಸಮ ಉಜ್ಜುತ್ತಿತ್ತು, ಅದರ ಕೆಳಗೆ ಡ್ರಮ್ಮು ಗೂಡ್ಸ್ ಗಾಡಿ ಸೇತುವೆ ದಾಟುವ ಹಾಗೆ ಓಡುತ್ತಿತ್ತು. ಆಮೇಲೆ ಒಬ್ಬ ಕೂಗತೊಡಗಿದ. ಅವನಿಗೆ ಸಿಟ್ಟು ಬಂದಿದೆ ಎಂದು ನನಗೆ ಅನ್ನಿಸಲಿಲ್ಲ. ಯಂತ್ರದ ಸದ್ದಿನ ಆಚೆ ನಿಂತ ಯಾರಿಗೋ ಏನನ್ನೋ ಮುಟ್ಟಿಸಲು ಕೂಗುತ್ತಿದ್ದಾನೆ ಅನ್ನಿಸಿತು. ನಮ್ಮ ಮನೆಯಲ್ಲಿ ನಾವು ಮಾತಾಡುತ್ತಿದ್ದುದೇ ಹಾಗೆ.

ಆ ಕ್ಯಾಸೆಟ್ಟನ್ನು ನಾನು ಅಳಿಸಲಿಲ್ಲ.

ಊರಿನ ಲೈಬ್ರರಿಯಲ್ಲಿ ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಟ್ಟೊಂದು ಮೂಲೆಯಲ್ಲಿ ಬಿದ್ದಿರುತ್ತಿತ್ತು. ಅದರಲ್ಲಿ ಒಮ್ಮೆ ಈ ಸಂಗೀತದ ಬಗ್ಗೆ ಒಂದು ಲೇಖನ ಸಿಕ್ಕಿತು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ, ಕಬ್ಬಿಣ ಬಡಿಯುವ ಸದ್ದು ಕೇಳುತ್ತ ಬೆಳೆದ ಕೂಲಿಕಾರರ ಮಕ್ಕಳು, ಅಪ್ಪಂದಿರ ಹಾಗೆ ಅದೇ ಗೇಟಿನೊಳಗೆ ಹೋಗಬೇಕಲ್ಲ ಎಂಬ ಬೇಸರದಲ್ಲಿ ಕಟ್ಟಿದ ಸಂಗೀತವಂತೆ. ಹೂವು, ಪ್ರೀತಿ, ಶಾಂತಿ ಎಂದು ಉಳಿದವರು ಹಾಡುತ್ತಿದ್ದ ಕಾಲದಲ್ಲಿ ಇವರಿಗೆ ತಮ್ಮ ಬೀದಿಯಲ್ಲಿ ಅದೊಂದೂ ಕಾಣಲಿಲ್ಲವಂತೆ. ಕೇಳಿದ್ದನ್ನು ನುಡಿಸಿದರು. ಅಷ್ಟು ದೂರದವರಿಗೆ ನಮ್ಮ ಸಾಲುಮನೆ ಗೊತ್ತಿದೆ ಎಂದಾಯಿತು, ಪಕ್ಕದ ಬೆಂಚಿನವನಿಗೆ ಗೊತ್ತಿಲ್ಲ.

ಆಗಿನಿಂದ ನನಗೆ ಬೇಕಾಗಿದ್ದುದು ಒಂದೇ. ಇದನ್ನು ನನ್ನ ಜೊತೆ ಕೂತು ಕೇಳುವವರು ಒಬ್ಬರು. ಹೆಚ್ಚಲ್ಲ, ಒಬ್ಬರು. ಹಾಡು ಮುಗಿದ ಮೇಲೆ ಮಾತಾಡದಿದ್ದರೂ ನಡೆಯುತ್ತಿತ್ತು.

ಕಾಲೇಜಿನ ಗೆಳೆಯರನ್ನು ಮನೆಗೆ ಕರೆದು ಕೇಳಿಸಿದೆ. ಒಂದು ಹಾಡು ಪೂರ್ತಿಯಾಗುವ ಮೊದಲೇ ಬಾಣಾವರದವನೊಬ್ಬ ಎದ್ದು ಕಿಟಕಿಯಿಂದ ಹೊರಗೆ ಹಣಕಿದ.

"ಏನ್ಲಾ ಇದು, ಬೋರ್‌ವೆಲ್ ಲಾರಿ ಕರೆಸಿದೀಯಾ? ನೀರು ಬಿತ್ತಾ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಡಿಗ್ರಿ ಮುಗಿಯುವವರೆಗೂ ಕಾಲೇಜಿನ ಕಾರಿಡಾರಿನಲ್ಲಿ ನನ್ನನ್ನು ಕಂಡವರೆಲ್ಲ ಕೇಳುತ್ತಿದ್ದುದು ಅದನ್ನೇ, ನೀರು ಬಿತ್ತೇನ್ಲಾ ಎಂದು. ಬಿತ್ತು ಕಣ್ಲಾ, ಉಪ್ಪುನೀರು ಎನ್ನುತ್ತಿದ್ದೆ. ಮತ್ತೆ ಯಾರನ್ನೂ ಮನೆಗೆ ಕರೆಯಲಿಲ್ಲ.

ಬಿ.ಎಡ್. ಮುಗಿಸಿ ಹಳೇಬೀಡಿನ ಹತ್ತಿರದ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದಾಗ ಹೊಸ ಶತಮಾನ ಶುರುವಾಗಿತ್ತು. ಅಪ್ಪ ಮಿಲ್ಲಿನವರಿಗೆಲ್ಲ ಬಾಳೆಹಣ್ಣು ಹಂಚಿದ. ಹಳೇಬೀಡಿನಲ್ಲಿ ಬಾಡಿಗೆಗೆ ಸಿಕ್ಕ ಕೋಣೆ ಮನೆಯೊಡತಿಯ ದೇವರ ಮನೆಗೆ ಒತ್ತಿಕೊಂಡಿತ್ತು. ಮೊದಲ ದಿನವೇ ಅವರು ಬಂದು, ಮೇಷ್ಟ್ರೇ, ಗೋಡೆ ತೆಳ್ಳಗೈತೆ, ವಸಿ ನೋಡ್ಕಳಿ ಎಂದು ಮೆಲ್ಲಗೆ ಹೇಳಿ ಹೋದರು. ಮೊದಲ ಸಂಬಳದಲ್ಲಿ ಒಂದು ವಾಕ್‌ಮನ್ ಕೊಂಡೆ.

ಸಂಜೆ ಶಾಲೆ ಬಿಟ್ಟ ಮೇಲೆ ಬಸ್ತಿಹಳ್ಳಿಯ ಕಡೆ ನಡೆದು ಹೋಗುತ್ತಿದ್ದೆ. ದೊಡ್ಡ ದೇವಸ್ಥಾನದ ಹತ್ತಿರ ಜನ, ಬಸ್ಸು, ಎಳನೀರಿನವರು. ಬಸದಿಗಳ ಕಡೆ ಯಾರೂ ಬರುತ್ತಿರಲಿಲ್ಲ. ಒಳಗೆ ಎತ್ತರದ ತೀರ್ಥಂಕರ ನಿಂತಿರುತ್ತಿದ್ದ, ಹೊರಗೆ ಹುಲ್ಲಿನ ಮೇಲೆ ನಾನು ಕೂತಿರುತ್ತಿದ್ದೆ. ಕಿವಿಯೊಳಗೆ ಇಡೀ ಮಿಲ್ಲು ಓಡುತ್ತಿರುತ್ತಿತ್ತು. ಕಣ್ಣು ಮುಚ್ಚಿ ಕೂತ ನನ್ನನ್ನು ಕಾವಲುಗಾರ ಧ್ಯಾನ ಮಾಡುವವನೆಂದೇ ತಿಳಿದಿದ್ದ. ಅಪರೂಪಕ್ಕೆ ಬಂದವರಿಗೆ ಸದ್ದು ಮಾಡಬೇಡಿ, ಮೇಷ್ಟ್ರು ಕೂತವ್ರೆ ಎಂದು ಸನ್ನೆ ಮಾಡುತ್ತಿದ್ದನಂತೆ.

ಸದ್ದು ಅಷ್ಟು ಜೋರಾಗಿದ್ದರೆ ಒಂಟಿತನ ಹೆಚ್ಚಬೇಕಲ್ಲ ಎಂದು ಕೇಳಬಹುದು. ನನಗೆ ಹಾಗಾಗುತ್ತಿರಲಿಲ್ಲ. ಭಾವಗೀತೆ ಕೇಳಿದರೆ ಅಳು ಬರುತ್ತಿತ್ತು, ಅತ್ತ ಮೇಲೆ ಕೋಣೆ ಇನ್ನೂ ಖಾಲಿ ಕಾಣುತ್ತಿತ್ತು. ಈ ಸಂಗೀತ ಅಯ್ಯೋ ಪಾಪ ಅನ್ನುತ್ತಿರಲಿಲ್ಲ. ಪಕ್ಕದಲ್ಲಿ ದೊಡ್ಡ ಮೈಯವನೊಬ್ಬ ಬಂದು ಕೂತ ಹಾಗಿರುತ್ತಿತ್ತು. ಆ ವರ್ಷ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋದಾಗ, ಬಾಗಿಲ ಮೇಲಿನ ಕೀರ್ತಿಮುಖವನ್ನು ತೋರಿಸಿ ಒಬ್ಬಳು ಹುಡುಗಿ, ದೇವರ ಬಾಗಿಲಲ್ಲಿ ರಾಕ್ಷಸ ಯಾಕೆ ಸಾರ್ ಎಂದು ಕೇಳಿದಳು. ಅದು ಹೊರಗಿನವರನ್ನು ಹೆದರಿಸಲಿಕ್ಕಮ್ಮ, ಒಳಗಿರುವವರಿಗೆ ಅದು ಬೆನ್ನು ಹಾಕಿದೆ ಎಂದೆ. ಪಾಠದಲ್ಲಿ ಹಾಗೆ ಬರೆದಿರಲಿಲ್ಲ. ಹೇಳಿದ ಮೇಲೆ ನಾನು ಆ ಮುಖವನ್ನೇ ಇನ್ನೊಂದು ಸಲ ನೋಡಿದೆ.

ಒಂದು ಶನಿವಾರ ಹಳೇಬೀಡಿನ ದೇವಸ್ಥಾನದ ಹತ್ತಿರ ಬೆಂಗಳೂರಿನ ಕಾಲೇಜೊಂದರ ಬಸ್ಸು ನಿಂತಿತ್ತು. ಇಳಿದವರಲ್ಲಿ ಒಬ್ಬ ಕಪ್ಪು ಟೀ ಶರ್ಟು ಹಾಕಿದ್ದ. ಎದೆಯ ಮೇಲೆ ಬಾಯಿ ತೆರೆದು ಹಲ್ಲು ಕಿಸಿದ ಮುಖ, ಕಣ್ಣಿನ ಜಾಗದಲ್ಲಿ ಬೆಂಕಿ, ಕೆಳಗೆ ಲೈಬ್ರರಿಯ ಆ ಲೇಖನದಲ್ಲಿ ಓದಿದ್ದ ತಂಡವೊಂದರ ಹೆಸರು. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸಿಕೊಂಡು ಅವನ ಹತ್ತಿರ ಹೋಗಿ, ನಿಮಗೆ ಇವರ ಯಾವ ಹಾಡು ಇಷ್ಟ ಎಂದು ಕೇಳಿದೆ. ಅವನು ತನ್ನ ಎದೆಯನ್ನು ತಾನೇ ಬಗ್ಗಿ ನೋಡಿಕೊಂಡ.

"ಇದಾ ಸಾರ್? ಇದು ಹಾಡೋರ ಹೆಸರಾ? ಡಿಸೈನ್ ಚೆನ್ನಾಗಿತ್ತು ಅಂತ ಫುಟ್‌ಪಾತಲ್ಲಿ ತಗೊಂಡೆ."

ಒಳ್ಳೆಯ ಹುಡುಗ. ಯಾವ ರಸ್ತೆಯ ಫುಟ್‌ಪಾತು ಎಂದು ಕೂಡ ಹೇಳಿದ. ಮುಂದಿನ ರಜೆಯಲ್ಲಿ ರೈಲು ಹತ್ತಿ ಹೋಗಿ ಅಂಥದೇ ಒಂದನ್ನು ಕೊಂಡೆ. ಆದರೆ ಮೇಷ್ಟ್ರಾದವನು ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗಬೇಕು? ಬಿಳಿ ಅಂಗಿಯ ಒಳಗೆ ಹಾಕಿದರೆ ಕಪ್ಪು ಎದ್ದು ಕಾಣುತ್ತಿತ್ತು. ಕಡುನೀಲಿ ಅಂಗಿ ಹಾಕುವ ದಿನ ಮಾತ್ರ ಅದನ್ನು ಒಳಗೆ ತೊಟ್ಟು ಶಾಲೆಗೆ ಹೋಗುತ್ತಿದ್ದೆ. ಕತ್ತಿನವರೆಗೂ ಗುಂಡಿ ಹಾಕಿಕೊಂಡು ನ್ಯೂಟನ್ನನ ನಿಯಮ ಹೇಳುವಾಗ, ಒಳಗೆ ಆ ಮುಖ ನನ್ನ ಕಡೆ ಬೆನ್ನು ಹಾಕಿ ನಿಂತಿದೆ ಎಂಬುದೇ ಒಂದು ಧೈರ್ಯ. ಬೇಸಿಗೆ ಬಂದ ಮೇಲೆ ಸೆಕೆ ತಡೆಯಲಾಗದೆ ಅದನ್ನು ಅರಸೀಕೆರೆಯ ಮನೆಯ ಟ್ರಂಕಿನಲ್ಲಿಟ್ಟು ಬಂದೆ.

ಅದೇ ಬೇಸಿಗೆಯಲ್ಲಿ ನಮ್ಮ ಸ್ವಂತ ಮನೆಯ ಕೆಲಸ ಶುರುವಾಯಿತು. ರೈಲ್ವೆ ಹಳಿಯ ಹತ್ತಿರ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಸಣ್ಣದೊಂದು ಸೈಟು. ನನ್ನ ಡಿಗ್ರಿಯಿಂದ ಎದ್ದ ಗೋಡೆ ಎಂದು ಅಪ್ಪ ಕಂಡಕಂಡವರಿಗೆ ಕೂಗಿ ಹೇಳುತ್ತಿದ್ದ. ಅವ್ವನಿಗೆ ಅದೇ ಹೆದರಿಕೆ. ಸಾಲುಮನೆಯವರು ತಾರಸಿ ಮನೆ ಕಟ್ಟಿದರೆ ಯಾರ ಕಣ್ಣು ಬೀಳುವುದಿಲ್ಲ ಹೇಳಿ. ನಮ್ಮ ಕಡೆ ಮನೆ ಕಟ್ಟುವಾಗ ಹುಲ್ಲು ತುಂಬಿದ ಬೊಂಬೆಗೆ ಹಳೆಯ ಬಟ್ಟೆ ತೊಡಿಸಿ, ಮಡಕೆಯ ತಲೆಗೆ ಸುಣ್ಣದಲ್ಲಿ ಕಣ್ಣು ಬಾಯಿ ಬರೆದು ಮೇಲೆ ಕಟ್ಟುತ್ತಾರೆ. ಬಂದ ಕಣ್ಣೆಲ್ಲ ಮೊದಲು ಅದರ ಮೇಲೆ ಬೀಳಲಿ, ಮನೆಯವರ ತಂಟೆಗೆ ಬಾರದಿರಲಿ ಎಂದು.

ಶನಿವಾರ ಮಧ್ಯಾಹ್ನ ಹಳೇಬೀಡಿನಿಂದ ಬಸ್ಸಿನಲ್ಲಿ ಬಂದು ಸೈಟಿನ ಕಡೆ ತಿರುಗಿದೆ. ಸೆಂಟ್ರಿಂಗ್ ಹಲಗೆಗಳ ಮೇಲೆ, ಊರಿಗೆಲ್ಲ ಕಾಣುವ ಹಾಗೆ, ನನ್ನ ಕರಿ ಟೀ ಶರ್ಟು ಕೈ ಚಾಚಿಕೊಂಡು ನಿಂತಿತ್ತು.

ಯಾರಿಗೂ ತೋರಿಸದೆ ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅವ್ವ ಮಾತ್ರ ಗೆದ್ದವಳ ಹಾಗೆ ಎದುರು ಬಂದಳು. ಟ್ರಂಕಿನಲ್ಲಿ ಸಿಕ್ಕಿತಂತೆ. ಕಾಸು ಕೊಟ್ಟು ದೆವ್ವದ ಮುಖ ತರುವವರು ಯಾರಿದ್ದಾರೆ, ಮನೆ ಕಟ್ಟುತ್ತೀವಿ ಅಂತ ಮಗ ದೃಷ್ಟಿಗೇ ತಂದಿಟ್ಟಿದ್ದಾನೆ, ಹೇಳಲು ಮರೆತಿದ್ದಾನೆ ಎಂದು ಅವಳೇ ತೀರ್ಮಾನ ಮಾಡಿದ್ದಳು. ಬೀದಿಯವರೆಲ್ಲ ಎಲ್ಲಿ ಸಿಕ್ಕಿತು ಎಂದು ಕೇಳಿದರಂತೆ. ಗಾರೆ ಮೇಸ್ತ್ರಿಯಂತೂ, ಇದರ ಮುಂದೆ ನಮ್ಮ ಬೂದುಗುಂಬಳಕಾಯಿ ಏನೇನೂ ಅಲ್ಲ, ನನಗೂ ಒಂದು ತರಿಸಿಕೊಡಿ ಎಂದನಂತೆ. ಅವಳ ಮುಖ ನೋಡಿ, ಅದು ನನ್ನದು ಅವ್ವ ಎನ್ನಲು ಹೊರಟವನು ಮಾತು ಬದಲಿಸಿದೆ. ಚೆನ್ನಾಗಿದೆ ಎಂದೆ.

ಮುಂದಿನ ಶನಿವಾರ ಬಂದಾಗ ಅವ್ವ ಹೊಸ ಗೋಡೆಗೆ ನೀರು ಹಾಕುತ್ತಿದ್ದಳು. ಕೊಡ ಕೆಳಗಿಟ್ಟು ಹೇಳಿದಳು.

"ಅದ್ಯಾವನೋ ಬಂದಿದ್ದ ಕಣಪ್ಪ. ಹೆಗಲಿಗೊಂದು ಚೀಲ ಹಾಕ್ಕಂಡಿದ್ದ. ಕೂದ್ಲ ಹೆಂಗಸ್ರ ತರ ಹಿಂದಕ್ಕೆ ಕಟ್ಟಿದ್ದ. ರೈಲಲ್ಲಿ ಹೋಗ್ತಾ ಬೊಂಬೆ ಕಂಡ್ತಂತೆ, ಇಳ್ದು ನಡ್ಕಂಡು ಬಂದವ್ನೆ."

"ಏನಂದ?"

"ಈ ಅಂಗಿ ಯಾರ್ದು ಅಂದ. ಯಾರ್ದೂ ಅಲ್ಲ, ಬೊಂಬೇದು ಅಂದೆ."

"ನನ್ನದು ಅಂತ ಹೇಳ್ಬಾರ್ದಿತ್ತಾ ಅವ್ವ?"

ಅವಳು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದಳು.

"ದೃಷ್ಟಿಗೆ ಹಾಕಿರೋದ್ನ ಮಗಂದು ಅಂತಾರಾ? ಬಂದಿರೋ ಕಣ್ಣೆಲ್ಲ ನಿನ್ ಮ್ಯಾಲೆ ಬೀಳಕ್ಕಾ?"

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಅವನು ಆಮೇಲೂ ಹೋಗಲಿಲ್ಲವಂತೆ. ಮನೆಯಲ್ಲಿ ಓದಿದವರು ಯಾರಾದರೂ ಇದ್ದಾರಾ ಎಂದು ಕೇಳಿದನಂತೆ. ಗೊತ್ತಿಲ್ಲದವರಿಗೆ ಮಗನ ವಿಷಯ ಯಾಕೆ ಎಂದು, ಬೆಳಿಗ್ಗೆ ಸಂಜೆ ನನ್ನ ಡಿಗ್ರಿಯ ಮಾತಾಡುವ ಅವ್ವ ಅವತ್ತು ಮಾತ್ರ ಯಾರೂ ಇಲ್ಲ ಎಂದುಬಿಟ್ಟಿದ್ದಾಳೆ. ಅವನು ನಕ್ಕು, ಈ ಕಡೆ ಬರುತ್ತಾ ಹೋಗುತ್ತಾ ಇರುತ್ತೇನೆ, ಬೊಂಬೆ ಚೆನ್ನಾಗಿದೆ ಎಂದನಂತೆ. ಹೆಸರು ಹೇಳಲಿಲ್ಲ. ಇವಳು ಕೇಳಲಿಲ್ಲ.

"ಹೋಗೋ ಮುಂಚೆ ಬೊಂಬೆ ಕಡೆ ನೋಡ್ಕಂಡು ಹಿಂಗೆ ಮಾಡ್ದ ಕಣಪ್ಪ" ಎಂದು ಅವ್ವ ಒದ್ದೆ ಕೈ ಎತ್ತಿದಳು. ನಡುವಿನ ಎರಡು ಬೆರಳು ಮಡಿಸಿ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ತೋರುಬೆರಳು, ಕಿರುಬೆರಳು ಎರಡೂ ಕೊಂಬಿನ ಹಾಗೆ ನೆಟ್ಟಗೆ ನಿಂತವು.

ಆ ಸನ್ನೆಯನ್ನು ನಾನು ಪತ್ರಿಕೆಯ ಚಿತ್ರದಲ್ಲಿ ಮಾತ್ರ ನೋಡಿದ್ದೆ. ಸಾವಿರಾರು ಜನ ಒಟ್ಟಿಗೆ ಕೈ ಎತ್ತಿ ನಿಂತ ಚಿತ್ರ. ನಾವು ಒಂದೇ ಕಡೆಯವರು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದು ಅದರಲ್ಲೇ. ನನಗೆಂದು ಯಾರೋ ಮಾಡಿ ಹೋದದ್ದನ್ನು ಅವ್ವನ ಕೈಯಲ್ಲಿ ನೋಡುತ್ತಿದ್ದೆ. ಬೆರಳಿನ ಸಂದಿಯಲ್ಲಿ ಸಿಮೆಂಟು ಅಂಟಿತ್ತು.

"ಏನೋ ಮಾಟ ಇರ್ಬೇಕು ಅನ್ನಿಸ್ತು. ಅವ್ನು ಅತ್ಲಾಗ್ ಹೋಗ್ತಲೂ ಮೆಣಸಿನ್ಕಾಯಿ ನೀವಾಳಿಸಿ ಒಲೆಗಾಕ್ದೆ."

"ಘಾಟು ಬಂತಾ?" ಎಂದು ಕೇಳಿದೆ. ಕೆಟ್ಟ ಕಣ್ಣು ತಗುಲಿದ್ದರೆ ಸುಟ್ಟ ಮೆಣಸಿನಕಾಯಿ ಘಾಟು ಬರುವುದಿಲ್ಲ, ಬಂದರೆ ಏನೂ ಇಲ್ಲ ಎಂದು ಅವ್ವನ ನಂಬಿಕೆ. ವಿಜ್ಞಾನದ ಮೇಷ್ಟ್ರಾಗಿ ನಾನು ಅದನ್ನು ಕೇಳಿದ್ದು ಅದೇ ಮೊದಲು.

"ಬಂತು, ಕೆಮ್ಮಿ ಕೆಮ್ಮಿ ಸಾಕಾಯ್ತು. ಪಾಪ, ಒಳ್ಳೇ ಕಣ್ಣೇ ಅವ್ನದು. ಗೊತ್ತಿದ್ರೆ ಒಂದ್ಲೋಟ ಕಾಫಿ ಕೊಡ್ತಿದ್ದೆ."

ಅವತ್ತು ಸಂಜೆ ಸ್ಟೇಷನ್ನಿಗೆ ಹೋಗಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ನಡೆದೆ. ಟೀ ಮಾರುವವನನ್ನು ಕೇಳಿದೆ. ಕೂದಲು ಕಟ್ಟಿದವರು ದಿನಾ ಎಷ್ಟೋ ಜನ ಇಳಿಯುತ್ತಾರೆ, ಯಾರು ನೆನಪಿಟ್ಟುಕೊಳ್ಳುತ್ತಾರೆ ಸಾರ್ ಎಂದ. ಅವನ ಮಾತೂ ಸರಿಯೇ.

ಗೃಹಪ್ರವೇಶಕ್ಕೆ ಬಂದು ಉಳಿದಿದ್ದ ಸೋದರತ್ತೆ ಮಾರನೆಯ ದಿನ ನೆನಪಿಸಿದಳು, ಬೊಂಬೆ ಇಳಿಸಿ ಸುಡಬೇಕು, ಒಕ್ಕಲಾದ ಮೇಲೆ ಇಟ್ಟುಕೊಳ್ಳಬಾರದು ಎಂದು. ಅವ್ವ ಬೆಂಕಿಪೆಟ್ಟಿಗೆ ತರಲು ಒಳಗೆ ಹೋದಳು. ನಾನು ಅಪ್ಪನ ಕಿವಿಯ ಹತ್ತಿರ ಬಗ್ಗಿ ಕೂಗಿದೆ.

"ಇರ್ಲಿ ಬಿಡಪ್ಪ. ಯಾರೋ ಬರೋದೈತೆ."

"ಯಾರ್ಲಾ?"

"ಗೊತ್ತಿಲ್ಲ."

ಅಪ್ಪ ಮೆಟ್ಟಿಲು ಹತ್ತಿ ಬೊಂಬೆಯನ್ನು ಮುಂದಿನಿಂದ ಬಿಚ್ಚಿ, ಹಿಂದೆ ನೀರಿನ ಟ್ಯಾಂಕಿನ ಪೈಪಿಗೆ, ಹಳಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ಕಟ್ಟಿದ. ಅತ್ತೆ ಕೆಳಗಿನಿಂದ ಕೂಗುತ್ತಲೇ ಇದ್ದಳು. ಅಪ್ಪನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದ ಹಾಗಿದ್ದ.

ಮುಂದಿನ ಒಂದೆರಡು ವರ್ಷದಲ್ಲಿ ಮಿಲ್ಲು ಮುಚ್ಚಿತು. ಅಪ್ಪನಿಗೆ ಮನೆಯಲ್ಲಿ ಕೂತು ಅಭ್ಯಾಸವಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ನಾನು ಆ ಹಳೆಯ ಕ್ಯಾಸೆಟ್ ಹಾಕಿಕೊಂಡಿದ್ದೆ. ಅಪ್ಪ ಬಂದು ಪಕ್ಕದಲ್ಲಿ ಕೂತ. ಟೇಪ್ ರೆಕಾರ್ಡರಿನ ಮೇಲೆ ಅಂಗೈ ಇಟ್ಟ. ಯಂತ್ರದ ಮೈ ಮುಟ್ಟಿ ನೋಡುವಾಗ ಹೀಗೇ ಇಡುತ್ತಿದ್ದ. ಅವನ ಮುಖ ನಿಧಾನವಾಗಿ ಸಡಿಲವಾಯಿತು. ಸಾಕೆನ್ನುತ್ತಾನೆಂದು ನಾನು ಕಾಯುತ್ತಿದ್ದೆ. ಅನ್ನಲಿಲ್ಲ. ಒಂದು ಬದಿ ಮುಗಿದು ಗುಂಡಿ ಟಕ್ ಎಂದು ಮೇಲೆ ಬಂದಾಗಲೇ ಕೈ ತೆಗೆದದ್ದು.

"ಎಣ್ಣೆ ಇಳಿಯೋ ಹೊತ್ಗೆ ನಿಲ್ಲಿಸ್ಬಿಟ್ಯಲ್ಲಾ" ಎಂದ.

ನಾನು ಕ್ಯಾಸೆಟ್ ತಿರುಗಿಸಿ ಹಾಕುವಷ್ಟರಲ್ಲಿ ಅವನು ಎದ್ದು ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತಿದ್ದ, ಮಿಲ್ಲಿದ್ದ ದಿಕ್ಕಿಗೆ ಮುಖ ಮಾಡಿ. ಮತ್ತೆ ಕೇಳಲು ಬರಲಿಲ್ಲ. ಅವನು ಕೇಳಿದ್ದು ತನ್ನ ಮಿಲ್ಲನ್ನು. ನನಗೆ ಅದರಲ್ಲಿ ಇನ್ನೂ ಏನೋ ಕೇಳಿಸುತ್ತಿತ್ತು. ಅದನ್ನು ಅಪ್ಪನಿಗೆ ಕೂಗಿ ಹೇಳುವುದು ಹೇಗೆ?

ಬೇಲೂರಿನಲ್ಲಿ ಸೈಬರ್ ಸೆಂಟರ್ ಬಂದ ಮೇಲೆ ಅಲ್ಲಿ ಹೋಗಿ ನೋಡಿದೆ. ಇದೇ ಸಂಗೀತ ಕೇಳುವವರು ಲೋಕದ ತುಂಬ ಇದ್ದಾರೆ. ಯಾವ ದೇಶದಲ್ಲಿ ಗಣಿ ಇದೆಯೋ, ಹಡಗುಕಟ್ಟೆ ಇದೆಯೋ, ಕೆಲಸವಿಲ್ಲದ ಸಂಜೆಗಳಿವೆಯೋ ಅಲ್ಲೆಲ್ಲ ಇದ್ದಾರೆ. ಹುಟ್ಟಿಸಿದವರು ಮುದುಕರಾದರೂ ಹೊಸದಾಗಿ ಕೇಳುವವರು ಹದಿನಾರು ಹದಿನೇಳರವರು. ಓದಿ ಖುಷಿಯಾಯಿತು. ಆದರೂ ಅಲ್ಲಿ ಒಂದಕ್ಷರ ಬರೆಯಲಿಲ್ಲ. ಅವರಲ್ಲಿ ಯಾರೂ ಹೊರಟಿದ್ದ ರೈಲು ಬಿಟ್ಟು ನಮ್ಮ ಮನೆಯವರೆಗೆ ನಡೆದು ಬಂದವರಲ್ಲ.

ಬೊಂಬೆಯ ಹುಲ್ಲು ಉದುರಿತು, ಅಪ್ಪ ಬೇರೆ ತುಂಬಿದ. ಅಂಗಿಯ ಕಪ್ಪು ಮೊದಲು ಕಂದಾಯಿತು, ಆಮೇಲೆ ಬೂದಿಯ ಬಣ್ಣಕ್ಕೆ ಬಂತು. ಬೆಂಕಿಯ ಕಣ್ಣು ಹೋಗಿ, ಹಲ್ಲು ಹೋಗಿ, ಕೊನೆಗೆ ಹತ್ತಿರ ನಿಂತು ನೋಡಿದರೂ ಮುಖವಿತ್ತೆಂದು ಗೊತ್ತಾಗುತ್ತಿರಲಿಲ್ಲ. ರೈಲಿನಿಂದ ನೋಡುವವರಿಗೆ ಅದು ಯಾರೋ ಒಣಗಲು ಹಾಕಿದ ಬಟ್ಟೆ.

ಅದನ್ನು ಇಳಿಸುವುದೆಂದು ನಾನೇ ಒಂದು ಭಾನುವಾರ ಸಂಜೆ ತಾರಸಿ ಹತ್ತಿದೆ. ಗಂಟು ಬಿಚ್ಚುತ್ತಿರುವಾಗ ಬೆಂಗಳೂರಿನ ಕಡೆಯಿಂದ ರೈಲು ಬಂತು. ಸ್ಟೇಷನ್ ಹತ್ತಿರವಾದ್ದರಿಂದ ನಿಧಾನವಾಗಿತ್ತು. ಒಂದೊಂದು ಬೋಗಿಯ ಬಾಗಿಲಲ್ಲೂ ಜನ ನಿಂತಿದ್ದರು. ಇನ್ನು ಮುಂದೆ ಇಲ್ಲಿ ಗುರುತಿಗೆ ಏನೂ ಇರುವುದಿಲ್ಲವಲ್ಲ ಎನ್ನಿಸಿತು. ಕೈ ಎತ್ತಿ, ಅವ್ವ ತೋರಿಸಿದ ಹಾಗೆಯೇ, ನಡುವಿನ ಎರಡು ಬೆರಳು ಮಡಿಸಿ ಹಿಡಿದೆ. ಬೋಗಿಗಳು ಒಂದರ ಹಿಂದೊಂದು ಹೋದವು. ಕೊನೆಯ ಬೋಗಿಗೆ ಹತ್ತಿರದ ಒಂದು ಕಿಟಕಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸೊಬ್ಬಳು ನನ್ನನ್ನು ಕಂಡು, ಮಗುವಿನ ಕೈ ಹಿಡಿದು ಟಾಟಾ ಮಾಡಿಸಿದಳು.

ಮಡಿಸಿದ್ದ ಬೆರಳು ಬಿಚ್ಚಿ ನಾನೂ ಟಾಟಾ ಮಾಡಿದೆ.